ಹೊತ್ತು ತಪ್ಪದ ಪ್ರಾರ್ಥನೆ



ದಿನನಿತ್ಯದ ಸಾಧನೆಯಿಂದ ಕ್ರೈಸ್ತ ವಿಶ್ವಾಸ ಹೇಗೆ ಗಟ್ಟಿಯಾಗುತ್ತದೆ ಎಂಬುದರ ಬಗ್ಗೆ ಮಾತನಾಡಬೇಕೆಂದು ಕೇಳಿದ್ದೀರಿ. ಈ ವಿಷಯದ ಮೇಲೆ ಪ್ರಸಂಗ ಕೇಳಿ ಕೇಳಿ ದಣಿದವರೇ ಇಲ್ಲಿ ಹೆಚ್ಚಾಗಿದ್ದೀರಿ. ಅದಕ್ಕೆ ಇನ್ನೊಂದನ್ನು ಸೇರಿಸುವುದು ಬೇಡ. ಚರಿತ್ರೆಯಿಂದ ಕೆಲವು ಸಂಗತಿಗಳನ್ನು ತಂದಿದ್ದೇನೆ. ಅವುಗಳ ಮೇಲೆ ನನಗನಿಸಿದ್ದನ್ನು ಹೇಳುತ್ತೇನೆ.

ಮೊದಲನೆಯದು ಜಪಾನಿನ ನಾಗಾಸಾಕಿಯದು. 1865ರ ಮಾರ್ಚ್ 17, ಶುಕ್ರವಾರ. ಅಲ್ಲಿನ ಓಉರಾ ಎಂಬಲ್ಲಿ ವಿದೇಶಿ ವ್ಯಾಪಾರಿಗಳಿಗಾಗಿ ಕಟ್ಟಿದ ಹೊಸ ಚರ್ಚಿನ ಮುಂದೆ ಉರಕಾಮಿ ಹಳ್ಳಿಯ ಹದಿನೈದರಷ್ಟು ಮಂದಿ ಬಂದು ನಿಂತರು. ಚರ್ಚಿನ ಗುರು ಬೆರ್ನಾರ್ ಪೆಟಿಜಾನ್ ಬಾಗಿಲು ತೆರೆದು ಒಳಗೆ ಹೋಗಿ ಮೊಣಕಾಲೂರಿದರು. ಒಬ್ಬ ಹೆಂಗಸು ಹತ್ತಿರ ಬಂದು, ನಮ್ಮೆಲ್ಲರ ಹೃದಯವೂ ನಿಮ್ಮ ಹೃದಯವೂ ಒಂದೇ ಎಂಬರ್ಥದ ಮಾತನ್ನು ಪಿಸುಗುಟ್ಟಿದಳು. ಮರಿಯಮ್ಮನವರ ಪ್ರತಿಮೆ ಎಲ್ಲಿದೆ ಎಂದು ಕೇಳಿದಳು. ಜಪಾನಿನಲ್ಲಿ ಕ್ರೈಸ್ತ ಧರ್ಮವನ್ನು ಇಡೀ ದೇಶಕ್ಕೆ ಅನ್ವಯಿಸಿ ನಿಷೇಧಿಸಿದ್ದು 1614ರಲ್ಲಿ. ದೇಶದೊಳಗೆ ಉಳಿದಿದ್ದ ಕೊನೆಯ ಗುರು 1644ರಲ್ಲಿ ಕೊಲ್ಲಲ್ಪಟ್ಟರು. ಮುಂದೆ ಇನ್ನೂರಕ್ಕೂ ಹೆಚ್ಚು ವರ್ಷ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಬೈಬಲ್ ಇಲ್ಲ, ಚರ್ಚ್ ಇಲ್ಲ. ನಾಗಾಸಾಕಿಯ ಜನ ವರ್ಷ ವರ್ಷವೂ ಕ್ರಿಸ್ತನ ಅಥವಾ ಮರಿಯಳ ಚಿತ್ರವಿದ್ದ ಫಲಕವನ್ನು ಅಧಿಕಾರಿಗಳ ಎದುರು ತುಳಿದು ತೋರಿಸಬೇಕಿತ್ತು. ಪ್ರತಿ ಮನೆಯೂ ಒಂದು ಬೌದ್ಧ ದೇವಾಲಯದಲ್ಲಿ ಹೆಸರು ಬರೆಸಿಕೊಳ್ಳಬೇಕಿತ್ತು. ಇಷ್ಟರ ನಡುವೆಯೂ ಉಳಿದುಕೊಂಡವರು ಆ ಹದಿನೈದು ಮಂದಿಯ ಪೂರ್ವಿಕರು.

ಈ ಕಥೆ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಆದರೆ ನಾನು ಹೇಳಬೇಕೆಂದಿರುವ ಸಂಗತಿ ಅದರೊಳಗೆ ಬಚ್ಚಿಟ್ಟುಕೊಂಡಿದೆ. ತಾವೀಗ ದುಃಖದ ಕಾಲವನ್ನು, ಅಂದರೆ ನಮ್ಮ ತಪಸ್ಸುಕಾಲವನ್ನು, ಆಚರಿಸುತ್ತಿದ್ದೇವೆ, ಇವತ್ತು ಅದರ ಹದಿನೇಳನೆಯ ದಿನ, ನೀವೂ ಆಚರಿಸುತ್ತೀರಾ ಎಂದು ಆ ಹಳ್ಳಿಯವರು ಗುರುಗಳನ್ನು ಕೇಳಿದರು. ಮನೆಗೆ ಹೋದ ಮೇಲೆ ಲೆಕ್ಕ ಹಾಕಿ ನೋಡಿ. ಆ ವರ್ಷ ಈಸ್ಟರ್ ಬಂದದ್ದು ಏಪ್ರಿಲ್ 16ಕ್ಕೆ. ಬೂದಿ ಬುಧವಾರ ಮಾರ್ಚ್ 1ಕ್ಕೆ. ಮಾರ್ಚ್ 17 ಎಂದರೆ ತಪ್ಪದೆ ಹದಿನೇಳನೆಯ ದಿನ. ಈಸ್ಟರ್ ಕ್ರಿಸ್ಮಸ್‌ನಂತೆ ತಾರೀಖಿಗೆ ಕಟ್ಟುಬಿದ್ದ ಹಬ್ಬವಲ್ಲ, ಚಂದ್ರನ ಜೊತೆ ಓಡಾಡುವ ಹಬ್ಬ. ಅದನ್ನು ಗುರುಗಳಿಲ್ಲದೆ, ರೋಮಿನ ಸಂಪರ್ಕವಿಲ್ಲದೆ, ಏಳು ತಲೆಮಾರು ಲೆಕ್ಕ ತಪ್ಪದೆ ಹಿಡಿದಿಟ್ಟಿದ್ದರು ಬೇಸಾಯಗಾರರು, ಮೀನುಗಾರರು.

ಹಿಡಿದಿಟ್ಟದ್ದು ಹೇಗೆ? ಹಳ್ಳಿಯಲ್ಲಿ ಮೂರು ಬಗೆಯ ಜವಾಬ್ದಾರಿಗಳಿದ್ದವು. ಒಬ್ಬ ಪಂಚಾಂಗ ಇಟ್ಟುಕೊಳ್ಳುವವನು. ಯಾವ ದಿನ ಹಬ್ಬ, ಯಾವ ದಿನ ಉಪವಾಸ ಎಂದು ಗೊತ್ತುಮಾಡುವುದು ಅವನ ಕೆಲಸ. ಇನ್ನೊಬ್ಬ ಮಕ್ಕಳಿಗೆ ದೀಕ್ಷಾಸ್ನಾನ ಕೊಡುವವನು. ಮೂರನೆಯವನು ಪಂಚಾಂಗದವನಿಂದ ಕೇಳಿಕೊಂಡು ಮನೆಮನೆಗೆ ಸುದ್ದಿ ಮುಟ್ಟಿಸುವವನು. ಪಾಪನಿವೇದನೆ ಕೇಳಲು ಗುರು ಇಲ್ಲದ ಕಾರಣ ಪಶ್ಚಾತ್ತಾಪದ ಪ್ರಾರ್ಥನೆಯೊಂದನ್ನು ಬಾಯಿಪಾಠ ಮಾಡಿಕೊಂಡಿದ್ದರು. ಲ್ಯಾಟಿನ್, ಪೋರ್ಚುಗೀಸ್, ಜಪಾನಿ ಕಲಸಿಹೋದ ಜಪಗಳನ್ನು ಅರ್ಥ ಪೂರ್ತಿ ತಿಳಿಯದಿದ್ದರೂ ತಂದೆಯಿಂದ ಮಗ ಕಲಿಯುತ್ತಿದ್ದ. ಇವರಲ್ಲಿ ದೇವಶಾಸ್ತ್ರ ಓದಿದವರು ಯಾರೂ ಇರಲಿಲ್ಲ. ಇಷ್ಟು ವರ್ಷ ಪ್ರತಿಯೊಬ್ಬರ ಎದೆಯಲ್ಲೂ ವಿಶ್ವಾಸ ಧಗಧಗಿಸುತ್ತಿತ್ತು ಎಂದು ನಾನು ನಂಬುವುದಿಲ್ಲ. ಮನುಷ್ಯರ ಎದೆ ಹಾಗಿರುವುದಿಲ್ಲ. ಫಲಕ ತುಳಿದು ಮನೆಗೆ ಬಂದು ಪಶ್ಚಾತ್ತಾಪದ ಜಪ ಹೇಳಿಕೊಂಡವರು ಇವರು. ಅವರನ್ನು ಉಳಿಸಿದ್ದು ಹಬ್ಬ-ಉಪವಾಸಗಳ ಲೆಕ್ಕ, ಬಾಯಿಪಾಠ, ಒಬ್ಬರ ಮನೆಗೆ ಇನ್ನೊಬ್ಬರು ಮುಟ್ಟಿಸಿದ ಸುದ್ದಿ.

ನಾನು ಹೇಳಬೇಕಾದದ್ದು ಇಷ್ಟೇ. ನಿಯಮಿತ ಸಾಧನೆ ಗಟ್ಟಿ ವಿಶ್ವಾಸಿಯ ಪದಕವಲ್ಲ, ದುರ್ಬಲ ವಿಶ್ವಾಸಿಯ ಆಸರೆ. ಗಟ್ಟಿ ವಿಶ್ವಾಸವಿರುವ ಕಾರಣ ದಿನಾ ಪ್ರಾರ್ಥಿಸುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ. ಚರಿತ್ರೆಯ ಮಹಾ ಸಾಧಕರನ್ನು ಕೇಳಿದರೆ ಬಹಳ ಮಂದಿ ತಿರುಗುಮುರುಗಾಗಿ ಹೇಳುತ್ತಾರೆ: ನನ್ನ ಮನಸ್ಸನ್ನು ನಾನು ನಂಬುವುದಿಲ್ಲ, ಅದಕ್ಕೇ ಗಂಟೆ ಹೊಡೆದಾಗ ಏಳುತ್ತೇನೆ.

ಹೊತ್ತಿಗೆ ಕಟ್ಟಿದ ಪ್ರಾರ್ಥನೆ ಕ್ರೈಸ್ತರ ಸ್ವಂತ ಆವಿಷ್ಕಾರವಲ್ಲ, ಯೆಹೂದ್ಯರಿಂದ ಬಂದ ಬಳುವಳಿ. ಬಾಬೆಲಿನಲ್ಲಿದ್ದ ದಾನಿಯೇಲ ಜೆರುಸಲೇಮಿನ ಕಡೆಗೆ ತೆರೆದ ಕಿಟಕಿಯ ಮುಂದೆ ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದ. ಅಂಥ ಪ್ರಾರ್ಥನೆಯನ್ನು ನಿಷೇಧಿಸಿ ರಾಜಾಜ್ಞೆ ಹೊರಟ ದಿನವೂ ಅದನ್ನೇ ಮಾಡಿದ. ಅವನು ಅಂದು ಹೊಸದಾಗಿ ಯಾವ ವೀರಕಾರ್ಯವನ್ನೂ ಮಾಡಲಿಲ್ಲ. ಬೈಬಲ್ ಒತ್ತಿ ಹೇಳುವುದು ಅವನು ಹಿಂದಿನಂತೆಯೇ ಮಾಡಿದ ಎಂಬುದನ್ನು. ಅದಕ್ಕಾಗಿ ಅವನನ್ನು ಎಸೆದ ಸಿಂಹದ ಗವಿಯ ಚಿತ್ರವನ್ನು ಸಂಡೇ ಸ್ಕೂಲಿನ ಗೋಡೆಗೆ ಹಾಕುತ್ತೇವೆ, ಕಿಟಕಿಯ ಚಿತ್ರ ಹಾಕುವುದಿಲ್ಲ. ನನ್ನ ಪ್ರಕಾರ ಹಾಕಬೇಕಾದ್ದು ಕಿಟಕಿಯದ್ದು. ಪ್ರೇಷಿತರ ಕಾಲಕ್ಕೆ ತೀರ ಹತ್ತಿರದ 'ದಿದಾಖೆ' ಎಂಬ ಪುಟ್ಟ ಕೈಪಿಡಿ, ಪ್ರಭು ಕಲಿಸಿದ ಪ್ರಾರ್ಥನೆಯನ್ನು ದಿನಕ್ಕೆ ಮೂರು ಬಾರಿ ಹೇಳಬೇಕು, ಬುಧವಾರ ಮತ್ತು ಶುಕ್ರವಾರ ಉಪವಾಸವಿರಬೇಕು ಎಂದು ಗೊತ್ತುಮಾಡುತ್ತದೆ. ಧರ್ಮ ಇನ್ನೂ ಬಿಸಿಬಿಸಿಯಾಗಿದ್ದ ಕಾಲದಲ್ಲೇ ಅದಕ್ಕೆ ವೇಳಾಪಟ್ಟಿ ಬೇಕಾಗಿತ್ತು.

ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಗೆ ಹೋದವರು ಈ ವಿದ್ಯೆಯನ್ನು ಆಳಕ್ಕೆ ಇಳಿಸಿದರು. ಅವರಲ್ಲಿ ಪೊಂತದ ಎವಾಗ್ರಿಯಸ್ ಎಂಬಾತ ಮನಸ್ಸಿನ ಆಟಗಳನ್ನು ವಿವರಿಸುವಲ್ಲಿ ಎತ್ತಿದ ಕೈ. ಕಾನ್‌ಸ್ಟಾಂಟಿನೋಪಲಿನ ದೊಡ್ಡ ಹುದ್ದೆ ಬಿಟ್ಟು ಬಂದು 399ರಲ್ಲಿ ಮರುಭೂಮಿಯಲ್ಲೇ ತೀರಿಕೊಂಡವನು. ಸಾಧಕನನ್ನು ಕಾಡುವ ಎಂಟು ಕೆಟ್ಟ ಆಲೋಚನೆಗಳಲ್ಲಿ ಎಲ್ಲಕ್ಕಿಂತ ಭಾರವಾದುದು ನಡುಮಧ್ಯಾಹ್ನದ ಬೇಸರ ಎನ್ನುತ್ತಾನೆ. ಅದರ ಲಕ್ಷಣಗಳನ್ನು ಓದಿದರೆ ನಗು ಬರುತ್ತದೆ, ಆಮೇಲೆ ನಮ್ಮದೇ ಮುಖ ಕಾಣುತ್ತದೆ. ಸೂರ್ಯ ಕದಲುತ್ತಲೇ ಇಲ್ಲ, ದಿನಕ್ಕೆ ಐವತ್ತು ಗಂಟೆಯಿದೆ ಎನಿಸುತ್ತದಂತೆ. ಯಾರಾದರೂ ಬಂದಾರೇ ಎಂದು ಸನ್ಯಾಸಿ ಮತ್ತೆ ಮತ್ತೆ ಕಿಟಕಿಯಲ್ಲಿ ಇಣುಕುತ್ತಾನಂತೆ. ಈ ಜಾಗ ಸರಿಯಿಲ್ಲ, ಈ ಸಹೋದರರಲ್ಲಿ ಪ್ರೀತಿಯಿಲ್ಲ, ದೇವರನ್ನು ಎಲ್ಲಿ ಬೇಕಾದರೂ ಮೆಚ್ಚಿಸಬಹುದಲ್ಲ, ಇಲ್ಲೇ ಯಾಕಿರಬೇಕು ಎಂಬ ಯೋಚನೆ ಹತ್ತುತ್ತದಂತೆ. ಚರ್ಚ್ ಬದಲಾಯಿಸುವ ಮುನ್ನ ನಮ್ಮಲ್ಲಿ ಜನ ಹೇಳುವ ಕಾರಣಗಳನ್ನು ಇದರ ಪಕ್ಕ ಇಟ್ಟು ನೋಡಿ. ಇದಕ್ಕೆ ಅವನು ಕೊಡುವ ಮದ್ದು ಒಂದೇ: ಎದ್ದು ಹೋಗಬೇಡ. ಸಂತ ಅಂತೋಣಿಯ ಬಗ್ಗೆಯೂ ಇಂಥದೇ ಕಥೆಯಿದೆ. ಇದೇ ಬೇಸರದಲ್ಲಿ ಮುಳುಗಿ, ನಾನು ಉದ್ಧಾರವಾಗುವುದು ಹೇಗೆ ಎಂದು ಕೇಳಿದಾಗ ತನ್ನಂತೆಯೇ ಇದ್ದ ಒಬ್ಬ ಕಣ್ಣಿಗೆ ಬಿದ್ದನಂತೆ: ಕೂತು ಹಗ್ಗ ಹೊಸೆಯುತ್ತಾನೆ, ಎದ್ದು ಪ್ರಾರ್ಥಿಸುತ್ತಾನೆ, ಮತ್ತೆ ಕೂತು ಹೊಸೆಯುತ್ತಾನೆ. ಹೀಗೆ ಮಾಡು ಎಂಬುದೇ ದೇವದೂತನ ಉತ್ತರ.

ಇಟಲಿಯ ಬೆನೆಡಿಕ್ಟ್ ಆರನೆಯ ಶತಮಾನದಲ್ಲಿ ಬರೆದ ನಿಯಮಾವಳಿಗೆ 73 ಅಧ್ಯಾಯಗಳಿವೆ. ಪಶ್ಚಿಮದ ಮಠಗಳಲ್ಲಿ ಬಹುಪಾಲು ಅದರ ಮೇಲೆ ನಿಂತವು. ಹೊರಗಿನಿಂದ ನೋಡಿದವರಿಗೆ ಅದು ಕಟ್ಟುನಿಟ್ಟಿನ ಪುಸ್ತಕ; ರಾತ್ರಿಯ ಪ್ರಾರ್ಥನೆ ಒಂದು, ಹಗಲಿನಲ್ಲಿ ಏಳು, ವಾರಕ್ಕೆ 150 ಕೀರ್ತನೆ. ಓದಿ ನೋಡಿದರೆ ಅದರಲ್ಲಿ ಮನುಷ್ಯರ ಬಗೆಗಿನ ಕರುಣೆಯೇ ಹೆಚ್ಚು. ರಾತ್ರಿ ಪ್ರಾರ್ಥನೆಯ ಆರಂಭದ ಕೀರ್ತನೆಯನ್ನು ನಿಧಾನವಾಗಿ ಎಳೆದು ಹಾಡಿ ಎನ್ನುತ್ತಾರೆ, ತಡವಾಗಿ ಏಳುವವರೂ ಬಂದು ಸೇರಿಕೊಳ್ಳಲಿ ಎಂದು. ನಿದ್ದೆಗಣ್ಣಿನವರಿಗೆ ನೆಪಗಳು ಬಹಳ, ಆದ್ದರಿಂದ ಏಳುವಾಗ ಒಬ್ಬರನ್ನೊಬ್ಬರು ಮೆಲ್ಲನೆ ಹುರಿದುಂಬಿಸಿ ಎನ್ನುತ್ತಾರೆ. ಕೀರ್ತನೆಗಳನ್ನು ನಾನು ಹಂಚಿದ ರೀತಿ ಯಾರಿಗಾದರೂ ಹಿಡಿಸದಿದ್ದರೆ ಬೇರೆ ರೀತಿ ಹಂಚಿಕೊಳ್ಳಿ, ವಾರಕ್ಕೆ 150 ಮುಗಿಸಿದರೆ ಸಾಕು ಎಂದು ಸಡಿಲ ಬಿಡುತ್ತಾರೆ. ನಮ್ಮ ಹಿರಿಯರು ಒಂದೇ ದಿನದಲ್ಲಿ ಮಾಡುತ್ತಿದ್ದುದನ್ನು ನಾವು ವಾರಕ್ಕಾದರೂ ಮಾಡೋಣ ಎಂದು ಸಣ್ಣಗೆ ಕುಟುಕಿಯೂ ಬಿಡುತ್ತಾರೆ. ಒಟ್ಟಾಗಿ ಮಾಡುವ ಪ್ರಾರ್ಥನೆ ಚಿಕ್ಕದಾಗಿರಲಿ ಎಂಬ ಮಾತೂ ಅಲ್ಲಿದೆ. ನಮ್ಮ ಕೆಲವು ಉಪವಾಸ ಕೂಟಗಳನ್ನು ನಡೆಸುವವರು ಆ ಅಧ್ಯಾಯವನ್ನು ಓದಿಲ್ಲವೆಂದು ಕಾಣುತ್ತದೆ.

ಬರಡು ದಿನಗಳ ವಿಷಯಕ್ಕೆ ಬರುತ್ತೇನೆ. ದಿನಾ ಪ್ರಾರ್ಥಿಸುವ ಪ್ರತಿಯೊಬ್ಬರಿಗೂ ಇದು ಗೊತ್ತು: ಬಾಯಿ ಆಡುತ್ತದೆ, ಒಳಗೆ ಏನೂ ಆಗುವುದಿಲ್ಲ. ಇಗ್ನೇಷಿಯಸ್ ಲೊಯೋಲ ಸೈನಿಕನಾಗಿದ್ದವರು. 1548ರಲ್ಲಿ ಪೋಪರ ಒಪ್ಪಿಗೆ ಪಡೆದ ಅವರ 'ಆಧ್ಯಾತ್ಮಿಕ ಸಾಧನೆಗಳು' ಕವಾಯತಿನ ಕೈಪಿಡಿಯಂತೆಯೇ ಇದೆ. ಧ್ಯಾನಕ್ಕೆ ಒಂದು ಗಂಟೆ ಎಂದು ಗೊತ್ತುಮಾಡಿ, ಬರಡುತನ ಕಾಡುವ ದಿನ ಏನು ಮಾಡಬೇಕೆಂದೂ ಹೇಳುತ್ತಾರೆ: ಒಂದು ಗಂಟೆಗಿಂತ ತುಸು ಹೆಚ್ಚೇ ಕೂತುಕೊ. ಕಡಿಮೆ ಅಲ್ಲ, ಹೆಚ್ಚು. ಮನಸ್ಸು ಒಣಗಿರುವಾಗ ಹಿಂದೆ ಮಾಡಿದ ಯಾವ ನಿರ್ಧಾರವನ್ನೂ ಬದಲಾಯಿಸಬೇಡ ಎಂಬುದೂ ಅವರದೇ ಸೂಚನೆ. ತಮ್ಮ ಸಂಘವಾದ ಯೇಸುಸಭೆಯವರಿಗೆ ಅವರು ಬೇರೆ ಸಾಧನೆಗಳಲ್ಲಿ ರಿಯಾಯಿತಿ ಕೊಟ್ಟರೂ, ದಿನಕ್ಕೆ ಎರಡು ಸಲ ತನ್ನ ನಡೆಯನ್ನು ತಾನೇ ಹಿಂತಿರುಗಿ ನೋಡುವ ಆತ್ಮಪರೀಕ್ಷೆಯಲ್ಲಿ ಮಾತ್ರ ಬಿಟ್ಟುಕೊಡಲಿಲ್ಲ. ಇವತ್ತು ಯಾವುದಕ್ಕೆ ಕೃತಜ್ಞನಾಗಿರಬೇಕು, ಎಲ್ಲಿ ಎಡವಿದೆ, ನಾಳೆಗೆ ಏನು ಬೇಡಬೇಕು ಎಂದು ಕೇಳಿಕೊಳ್ಳುವುದು. ಹೆಚ್ಚೆಂದರೆ ಕಾಲು ಗಂಟೆಯ ಕೆಲಸ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಓದಿದ ಹಲವರು ಇದನ್ನು ಅಲ್ಲಿನ ಯೇಸುಸಭೆಯ ಗುರುಗಳಿಂದ ಕಲಿತಿರಬಹುದು.

ಬರಡುತನದ ಮಾತೆತ್ತಿದರೆ ಕೋಲ್ಕತ್ತದ ಮದರ್ ತೆರೇಸಾರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅವರು 1997ರಲ್ಲಿ ತೀರಿಕೊಂಡರು. ಅವರ ಖಾಸಗಿ ಪತ್ರಗಳು ಪುಸ್ತಕವಾಗಿ ಬಂದದ್ದು 2007ರಲ್ಲಿ. ತಮ್ಮ ಸಂಘ ಶುರುವಾದ ಕಾಲದಿಂದ ಹೆಚ್ಚುಕಡಿಮೆ ಕೊನೆಯವರೆಗೂ, ನಡುವೆ ಸ್ವಲ್ಪ ಕಾಲ ಬಿಟ್ಟರೆ, ದೇವರ ಇರವು ತಮಗೆ ಅನುಭವಕ್ಕೇ ಬರಲಿಲ್ಲ ಎಂದು ಆ ಪತ್ರಗಳಲ್ಲಿ ತಮ್ಮ ಆತ್ಮಗುರುಗಳಿಗೆ ಬರೆದುಕೊಂಡಿದ್ದಾರೆ. ಜಗತ್ತಿಗೆ ಆಗ ಆಘಾತವಾಯಿತು. ಹಾಗಾದರೆ ನಂಬಿಕೆಯೇ ಇರಲಿಲ್ಲವಲ್ಲ ಎಂದು ಕೆಲವರು ಬರೆದರು. ಆದರೆ ಅದೇ ದಶಕಗಳಲ್ಲಿ ಆಕೆ ಏನು ಮಾಡುತ್ತಿದ್ದರು ಎಂಬುದನ್ನೂ ಪಕ್ಕದಲ್ಲಿಡಬೇಕು. ನಸುಕಿಗೆ ಎದ್ದು ಪ್ರಾರ್ಥನೆ, ಬಲಿಪೂಜೆ, ಆಮೇಲೆ ಬೀದಿ. 1973ರಲ್ಲಿ ಅವರ ಸಂಘ ವಾರಕ್ಕೊಮ್ಮೆ ನಡೆಸುತ್ತಿದ್ದ ಪರಮಪ್ರಸಾದದ ಆರಾಧನೆಯನ್ನು ದಿನಕ್ಕೊಂದು ಗಂಟೆ ಎಂದು ಮಾಡಿಕೊಂಡಿತು. ಒಳಗೆ ಕತ್ತಲೆಯಿದ್ದಾಗ ಹೊತ್ತನ್ನು ಕಡಿಮೆ ಮಾಡಲಿಲ್ಲ, ಹೆಚ್ಚಿಸಿದರು. ಇದನ್ನು ಬೂಟಾಟಿಕೆ ಎನ್ನುವವರು ಪ್ರಾರ್ಥನೆಯೆಂದರೆ ಒಂದು ಬಗೆಯ ಅನುಭವ ಎಂದು ತಿಳಿದವರು. ಅನುಭವ ಬಂದರೆ ಸಂತೋಷ. ಪ್ರಾರ್ಥನೆ ಮಾತ್ರ ಅದಕ್ಕಿಂತ ಹಿಂದಿನದು: ಹಾಜರಾಗುವುದು.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ವಾದವನ್ನೂ ಕೇಳಬೇಕು. ಅದು ಸಣ್ಣದಲ್ಲ, ಅದರ ವಕೀಲ ಸ್ವತಃ ಯೇಸು. ಬೀದಿ ಮೂಲೆಯಲ್ಲಿ ನಿಂತು ಪ್ರಾರ್ಥಿಸುವವರನ್ನು, ವಾರಕ್ಕೆ ಎರಡು ದಿನ ಉಪವಾಸವಿದ್ದೇನೆಂದು ದೇವಾಲಯದಲ್ಲಿ ಲೆಕ್ಕ ಒಪ್ಪಿಸಿದ ಫರಿಸಾಯನನ್ನು ಅವರು ಬಿಡಿಸಿ ತೋರಿಸಿದ್ದಾರೆ. ಅವರಿಗಿಂತ ಮುಂಚೆ ಯೆಶಾಯನು, ಉಪವಾಸದ ದಿನವೇ ಕೂಲಿಯಾಳುಗಳನ್ನು ಹಿಂಸಿಸುವ ಭಕ್ತರ ಮುಖಕ್ಕೆ ಹೊಡೆದಂತೆ ಮಾತನಾಡಿದ. ಮಾರ್ಟಿನ್ ಲೂಥರ್ ಸನ್ಯಾಸಿಯಾಗಿದ್ದಾಗ ಪಾಠ, ಪ್ರಸಂಗಗಳ ಒತ್ತಡದಲ್ಲಿ ತಪ್ಪಿಹೋದ ದಿನದ ಪ್ರಾರ್ಥನೆಗಳನ್ನು ಕೂಡಿಟ್ಟುಕೊಂಡು ವಾರದ ಕೊನೆಗೆ ಊಟ ನಿದ್ದೆ ಬಿಟ್ಟು ಒಟ್ಟಿಗೆ ತೀರಿಸುತ್ತಿದ್ದರು. ಕೊನೆಗೆ ಆರೋಗ್ಯ ಕೆಟ್ಟು, ಆ ಪದ್ಧತಿಯನ್ನೇ ಕೈಬಿಟ್ಟರು. ದೇವರಿಗೆ ಸಾಲ ತೀರಿಸಿದಂತೆ ಪ್ರಾರ್ಥಿಸಬೇಕಾಗಿಲ್ಲ, ರಕ್ಷಣೆ ದಾನವಾಗಿ ಬರುತ್ತದೆ ಎಂಬುದು ಅವರ ಸುಧಾರಣೆಯ ಜೀವಾಳ. ಹಾಗಾದರೆ ಲೂಥರ್ ನಿಯಮಿತ ಪ್ರಾರ್ಥನೆಯನ್ನೇ ಬಿಟ್ಟರೆ?

ಇಲ್ಲ. 1535ರಲ್ಲಿ ವಿಟ್ಟೆನ್‌ಬರ್ಗಿನ ಅವರ ಕ್ಷೌರಿಕ ಪೀಟರ್ ಬೆಸ್ಕೆನ್‌ಡಾರ್ಫ್, ಪ್ರಾರ್ಥನೆ ಮಾಡುವುದು ಹೇಗೆ ಎಂದು ಕೇಳಿದ. ಲೂಥರ್ ಅವನಿಗಾಗಿಯೇ ಒಂದು ಪುಟ್ಟ ಪುಸ್ತಕ ಬರೆದರು. ಆಗ ಅವರು ಯುರೋಪನ್ನೇ ಅಲ್ಲಾಡಿಸಿದ ದೊಡ್ಡ ಮನುಷ್ಯ. ಕ್ಷೌರಿಕನ ಪ್ರಶ್ನೆಗೆ ಪುಸ್ತಕದ ಉತ್ತರ! ಬೆಳಗ್ಗೆ ಮೊದಲ ಕೆಲಸ ಪ್ರಾರ್ಥನೆಯಾಗಲಿ, ರಾತ್ರಿ ಕೊನೆಯ ಕೆಲಸವೂ ಅದೇ ಆಗಲಿ, ಇನ್ನೊಂದು ಗಂಟೆ ಕಳೆದು ಮಾಡುತ್ತೇನೆ ಎಂಬ ಯೋಚನೆಗೆ ಮಾತ್ರ ಎಚ್ಚರವಾಗಿರು, ಆ ಒಂದು ಗಂಟೆ ದಿನವನ್ನೇ ನುಂಗುತ್ತದೆ ಎಂಬುದು ಅವರ ಬುದ್ಧಿವಾದದ ತಿರುಳು. ಪ್ರಭುವಿನ ಪ್ರಾರ್ಥನೆ, ದಶಾಜ್ಞೆಗಳು, ವಿಶ್ವಾಸಪ್ರಮಾಣ ಇವನ್ನು ಒಂದೊಂದಾಗಿ ಎತ್ತಿಕೊಂಡು ನಿಧಾನವಾಗಿ ಮನಸ್ಸಿನಲ್ಲಿ ತಿರುವಿ ಹಾಕುವ ವಿಧಾನವನ್ನೂ ಹೇಳಿಕೊಟ್ಟರು. ಒಳ್ಳೆಯ ಕ್ಷೌರಿಕನ ಗಮನವೆಲ್ಲ ಕತ್ತಿ, ಕೂದಲುಗಳ ಮೇಲಿರಬೇಕು, ಹರಟೆ ಹೊಡೆಯುತ್ತ ಕೂತರೆ ಗಿರಾಕಿಯ ಮೂಗೋ ಕುತ್ತಿಗೆಯೋ ಹೋದೀತು, ಪ್ರಾರ್ಥನೆಗೂ ಅದೇ ಗಮನ ಬೇಕು ಎಂದು ಅವನ ಕಸುಬಿನಿಂದಲೇ ಮಾತು ತೆಗೆದರು.

ಈ ಪ್ರಸಂಗವನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದಿನದು ಅಹಿತಕರ. ಅದೇ ವರ್ಷ ಈಸ್ಟರ್‌ನ ಹಿಂದಿನ ದಿನ ಮಗಳ ಮನೆಯ ಊಟದ ಮೇಜಿನಲ್ಲಿ, ಕುಡಿದ ಅಮಲಿನಲ್ಲಿ, ಪೀಟರ್ ತನ್ನ ಅಳಿಯನನ್ನು ಚಾಕುವಿನಿಂದ ಇರಿದು ಕೊಂದ. ಲೂಥರ್ ಮತ್ತಿತರರು ನಡುವೆ ಬಂದು ಬೇಡಿಕೊಂಡ ಮೇಲೆ ಪ್ರಾಣ ಉಳಿಯಿತು. ಆಸ್ತಿ ಕಳೆದುಕೊಂಡು ಗಡಿಪಾರಾದ. ಪ್ರಾರ್ಥನೆಯ ಬಗ್ಗೆ ಪ್ರಾಟೆಸ್ಟಂಟರ ಅತ್ಯುತ್ತಮ ಕೈಪಿಡಿ ಬರೆಯಲ್ಪಟ್ಟದ್ದು ಒಬ್ಬ ಕೊಲೆಗಾರನಿಗಾಗಿ. ಲೂಥರ್ ಪುಸ್ತಕವನ್ನು ಹಿಂತೆಗೆದುಕೊಳ್ಳಲಿಲ್ಲ, ಅವನ ಹೆಸರನ್ನೂ ಅಳಿಸಲಿಲ್ಲ. ಪ್ರಾರ್ಥನೆ ತಾಯಿತವಲ್ಲ ಎಂದು ಸಾವಿರ ಸಲ ಹೇಳುವ ಬದಲು ಈ ಕಥೆಯನ್ನು ಒಮ್ಮೆ ಹೇಳಿದರೆ ಸಾಕು. ದಿನಾ ಜಪಿಸುವವನು ಕೆಟ್ಟದ್ದು ಮಾಡಲಾರ ಎಂಬ ಭರವಸೆಯನ್ನು ಯಾವ ಸಾಧಕನೂ ಕೊಟ್ಟಿಲ್ಲ. ಬಿದ್ದವನಿಗೆ ಮರಳಿ ಬರಲು ದಾರಿ ಗೊತ್ತಿರುತ್ತದೆ, ಅಷ್ಟೇ.

ಒಬ್ಬನೇ ನಡೆಯುವ ದಾರಿಯೂ ಅಲ್ಲ ಇದು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ವೆಸ್ಲಿಯ ಅನುಯಾಯಿಗಳು ಕಟ್ಟಡದ ಸಾಲ ತೀರಿಸಲು ಕೂತು ಯೋಚಿಸುತ್ತಿದ್ದರು. ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ, ಹನ್ನೆರಡು ಮಂದಿಗೆ ಒಬ್ಬನಂತೆ ಮನೆಮನೆಗೆ ಹೋಗಿ ಎತ್ತಲಿ, ಕೊಡಲಾಗದವರದನ್ನು ಅವನೇ ಹಾಕಲಿ ಎಂದು ಒಬ್ಬ ಮಾಜಿ ನಾವಿಕ ಸಲಹೆ ಕೊಟ್ಟ. ಕಾಸು ಎತ್ತಲು ಹೋದವರಿಗೆ ಮನೆಗಳ ಒಳಗಿನ ಸ್ಥಿತಿ ಕಂಡಿತು: ಇಲ್ಲಿ ಜಗಳ, ಅಲ್ಲಿ ಕುಡಿತ, ಇನ್ನೊಂದೆಡೆ ಕಾಯಿಲೆ. ವೆಸ್ಲಿಗೆ ಕೂಡಲೇ ಹೊಳೆಯಿತು. ಹಣ ಸಂಗ್ರಹದ ಗುಂಪುಗಳು ವಾರಕ್ಕೊಮ್ಮೆ ಸೇರಿ, ನಿನ್ನ ಆತ್ಮದ ಗತಿ ಹೇಗಿದೆ ಎಂದು ಒಬ್ಬರನ್ನೊಬ್ಬರು ಕೇಳುವ ಗುಂಪುಗಳಾದವು. ಮೆಥೊಡಿಸ್ಟ್ ಚಳವಳಿಯನ್ನು ಉಳಿಸಿದ್ದು ವೆಸ್ಲಿಯ ಪ್ರಸಂಗಗಳಿಗಿಂತ ಈ ಹನ್ನೆರಡರ ಗುಂಪುಗಳು ಎಂಬುದು ನನ್ನ ಅಭಿಪ್ರಾಯ. ವೆಸ್ಲಿಯನ್ ಮಿಷನ್ ಮೈಸೂರು ಸೀಮೆಗೂ ಬಂತು. ಅವರ ಶಾಲೆ, ಆಸ್ಪತ್ರೆ, ಮುದ್ರಣಾಲಯಗಳನ್ನು ನಾವು ಮರೆತಿಲ್ಲ. ಈ ಗುಂಪುಗಳನ್ನು ಮಾತ್ರ ಮರೆತಿದ್ದೇವೆ.

ನಮ್ಮ ನಾಡಿಗೆ ಇನ್ನೂ ಹತ್ತಿರದ ಕೊಂಡಿ ಜರ್ಮನಿಯ ಹೆರ್ನ್‌ಹೂಟ್ ಎಂಬ ಹಳ್ಳಿಯದು. ಮೊರಾವಿಯದಿಂದ ಓಡಿಬಂದ ನಿರಾಶ್ರಿತರು ಜಿಂಜೆನ್‌ಡಾರ್ಫ್ ಎಂಬ ಶ್ರೀಮಂತನ ಜಮೀನಿನಲ್ಲಿ ಕಟ್ಟಿಕೊಂಡ ಊರು ಅದು. ಮೊದಮೊದಲು ಜಗಳವೋ ಜಗಳ. 1727ರ ಆಗಸ್ಟಿನಲ್ಲಿ ರಾಜಿಯಾದ ಮೇಲೆ ಇಪ್ಪತ್ತನಾಲ್ಕು ಗಂಟೆಯನ್ನೂ ಹಂಚಿಕೊಂಡು, ಒಬ್ಬರಾದ ಮೇಲೆ ಒಬ್ಬರು ಪ್ರಾರ್ಥಿಸುವ ಸರತಿ ಶುರುಮಾಡಿದರು. ಅದು ನೂರು ವರ್ಷ ನಡೆಯಿತೆಂದು ಅವರ ಚರಿತ್ರೆ ಹೇಳುತ್ತದೆ. ಮರುವರ್ಷದಿಂದ ಪ್ರತಿದಿನಕ್ಕೊಂದು ಬೈಬಲ್ ವಚನವನ್ನು ಬೆಳಗ್ಗೆ ಮನೆಮನೆಗೆ ಹೋಗಿ ತಿಳಿಸುವ ಪದ್ಧತಿ ಬಂತು. 1731ಕ್ಕೆ ಅದು ಇಡೀ ವರ್ಷದ ಪುಸ್ತಕವಾಗಿ ಅಚ್ಚಾಯಿತು. ಅಲ್ಲಿಂದ ಇವತ್ತಿನವರೆಗೂ ಆ ಪುಸ್ತಕ ಬರುತ್ತಲೇ ಇದೆ, ವಚನಗಳನ್ನು ಈಗಲೂ ಹೆರ್ನ್‌ಹೂಟ್‌ನಲ್ಲಿ ಚೀಟಿ ಎತ್ತಿಯೇ ಆರಿಸುತ್ತಾರೆ. ನಾಗಾಸಾಕಿಯ ಮೂರನೆಯವನ ಕೆಲಸವೂ ಇಂಥದೇ ಆಗಿತ್ತಲ್ಲವೇ? ನಾಗಾಸಾಕಿಯವರ ಹೆಸರನ್ನೂ ಕೇಳದ ಜನ ಹೆರ್ನ್‌ಹೂಟ್‌ನವರು.

ಇದೇ ಭಕ್ತಿಪಂಥದ ಗಾಳಿ ಕುಡಿದು ಬೆಳೆದದ್ದು 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಅವರ ನಂತರ ಬಂದ ಮೋಗ್ಲಿಂಗ್, ಕಿಟ್ಟೆಲ್ ಕನ್ನಡಕ್ಕೆ ಮಾಡಿದ್ದನ್ನು ಈ ಸಭೆಗೆ ಹೇಳಬೇಕಾಗಿಲ್ಲ; 1843ರ 'ಮಂಗಳೂರ ಸಮಾಚಾರ', 1894ರ ನಿಘಂಟು ಎಲ್ಲರ ಬಾಯಲ್ಲೂ ಇವೆ. ನಾವು ಹೇಳದೆ ಬಿಡುವುದು ಅವರು ಮನೆಮನೆಯಲ್ಲಿ ಬಿತ್ತಿದ ಕುಟುಂಬ ಪ್ರಾರ್ಥನೆಯನ್ನು. ಬೆಳಗ್ಗೆ ಒಂದು ಹಾಡು, ಒಂದು ಅಧ್ಯಾಯ, ಒಂದು ಪ್ರಾರ್ಥನೆ. ರಾತ್ರಿ ಊಟಕ್ಕೆ ಮುನ್ನ ಮತ್ತೆ. ಜರ್ಮನ್ ರಾಗಕ್ಕೆ ಕನ್ನಡ ಮಾತು ಕೂಡಿಸಿದ ಹಾಡುಗಳು ಮಂಗಳೂರು, ಉಡುಪಿ, ಧಾರವಾಡ, ಹುಬ್ಬಳ್ಳಿಯ ಮನೆಗಳಲ್ಲಿ ಪುಸ್ತಕವಿಲ್ಲದೆ ಬಾಯಿಗೆ ಬರುತ್ತಿದ್ದದ್ದು ಭಾನುವಾರದ ಆರಾಧನೆಯಿಂದಲ್ಲ, ಈ ರಾತ್ರಿಗಳಿಂದ. ಮಿಷನ್ನಿನ ಶಿಸ್ತು ಕೆಲವೊಮ್ಮೆ ಉಸಿರು ಕಟ್ಟಿಸುವಂತಿತ್ತು ಎಂಬ ದೂರು ನಿಜವೇ. ಆದರೆ ಶಿಸ್ತಿನ ಜೊತೆ ಹಾಡನ್ನೂ ಕೊಟ್ಟರು.

ಕೊಂಕಣಿ ಕ್ಯಾಥೊಲಿಕರ ಮನೆಯಲ್ಲಿ ಇದೇ ಜಾಗದಲ್ಲಿ ಇರುವುದು ಸಂಜೆಯ ತೇರ್ಸ್, ಅಂದರೆ ಜಪಸರ. ಅದು ಮುಗಿದ ಮೇಲೆ ಮಕ್ಕಳು ಹಿರಿಯರ ಬಳಿ ಬಂದು ಬೆಸಾಂವ್, ಅಂದರೆ ಆಶೀರ್ವಾದ, ಕೇಳಬೇಕು, ಹಗಲೆಲ್ಲ ಜಗಳವಾಡಿದ ಅಜ್ಜಿಯ ಹತ್ತಿರವೂ. ಜಗಳ ಮರುದಿನಕ್ಕೆ ಉಳಿಯದಂತೆ ಮಾಡಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಮೈಸೂರು ಸೀಮೆಯ ಕನ್ನಡ ಕ್ಯಾಥೊಲಿಕ್ ಹಳ್ಳಿಗಳಲ್ಲಿ ಗುರುಗಳು ಅಪರೂಪಕ್ಕೆ ಬರುತ್ತಿದ್ದ ಕಾಲದಲ್ಲಿ ಜಪ ನಡೆಸಿದವರು ಊರಿನ ಉಪದೇಶಿಗಳು. 1799ರ ನಂತರ ಶ್ರೀರಂಗಪಟ್ಟಣದ ಸುತ್ತ ಸೇವೆ ಮಾಡಿದ ಅಬ್ಬೆ ದುಬುವಾ, ನಾಗಾಸಾಕಿಯ ಪೆಟಿಜಾನ್ ಸೇರಿದ್ದ ಪ್ಯಾರಿಸ್ ಮಿಷನ್ ಸಂಸ್ಥೆಯವರೇ. ದುಬುವಾ 1823ರಲ್ಲಿ ಹಿಂದಿರುಗುವಾಗ ಭಾರತದಲ್ಲಿ ಕ್ರೈಸ್ತ ಧರ್ಮದ ಭವಿಷ್ಯದ ಬಗ್ಗೆ ತೀರ ನಿರಾಶರಾಗಿದ್ದರು, ಹಾಗೆಂದು ಅಚ್ಚು ಹಾಕಿಸಿಯೂ ಬಿಟ್ಟರು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅವರ ಹೆಸರಿನಿಂದಲೇ ಕರೆಯುವ ಚರ್ಚಿನಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ವಿದ್ವಾಂಸರಾದ ಅವರು ಜನರ ನಂಬಿಕೆಯನ್ನು ಅಳೆದರು, ಉಪದೇಶಿಯ ಗಂಟೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ನಾಗಾಸಾಕಿಯ ಕಥೆಗೂ ಒಂದು ಮಿತಿಯಿದೆ, ಅದನ್ನು ಮುಚ್ಚಿಡಬಾರದು. ನಿಷೇಧ 1873ರಲ್ಲಿ ತೆರವಾದ ಮೇಲೆ ಬಚ್ಚಿಟ್ಟುಕೊಂಡಿದ್ದವರೆಲ್ಲ ಚರ್ಚಿಗೆ ಮರಳಲಿಲ್ಲ. ಇಕಿತ್ಸುಕಿ ದ್ವೀಪದಲ್ಲಿ ಅನೇಕರಿಗೆ ಆ ಜಪಗಳು ಹಿರಿಯರ ಪದ್ಧತಿಯಾಗಿಯೇ ಉಳಿದವು. ಗುರುಗಳು ಬಂದು ಹೇಳಿಕೊಟ್ಟದ್ದು ಅವರಿಗೆ ಪರಕೀಯವೆನಿಸಿತು. ವಚನದ ಓದು, ಬೋಧನೆ ಇಲ್ಲದೆ ಬರೀ ಆಚರಣೆ ಸಾಗಿದರೆ ಎಲ್ಲಿಗೆ ತಲುಪುತ್ತದೆ ಎಂಬುದಕ್ಕೆ ಇದು ಉದಾಹರಣೆ. ಆದ್ದರಿಂದ ಜಪಸರವೊಂದೇ ಸಾಕು ಎನ್ನುವವರಿಗೆ ಬೈಬಲ್ ತೆರೆಯಿರಿ ಎನ್ನುತ್ತೇನೆ. ಬೈಬಲ್ ಅಧ್ಯಯನವೊಂದೇ ಸಾಕು ಎನ್ನುವ ನನ್ನ ಪ್ರಾಟೆಸ್ಟಂಟ್ ಬಂಧುಗಳಿಗೆ ಮೊಣಕಾಲೂರಿ ಎನ್ನುತ್ತೇನೆ.

ಇಂದಿನ ಸ್ಥಿತಿಯನ್ನು ನೀವೆಲ್ಲ ಬಲ್ಲಿರಿ. ಮೂರು ದಿನದ ಕನ್ವೆನ್ಷನ್‌ಗೆ ಪೆಂಡಾಲು ಸಾಲುವುದಿಲ್ಲ, ನಾಲ್ಕನೆಯ ದಿನ ಬೆಳಗ್ಗೆ ಮನೆಯಲ್ಲಿ ಪ್ರಾರ್ಥನೆಯಿಲ್ಲ. ಕನ್ವೆನ್ಷನ್‌ಗಳು ಬೇಡವೆಂದಲ್ಲ, ಅಲ್ಲಿ ಬದುಕು ಬದಲಾದವರಿದ್ದಾರೆ. ಆದರೆ ಉತ್ಸಾಹವನ್ನೇ ವಿಶ್ವಾಸವೆಂದು ಕಲಿತವನು ಉತ್ಸಾಹ ಇಳಿದ ದಿನ ವಿಶ್ವಾಸವೇ ಹೋಯಿತೆಂದು ಹೆದರುತ್ತಾನೆ. 2020ರಲ್ಲಿ ಕೊರೊನಾದಿಂದ ಚರ್ಚುಗಳ ಬಾಗಿಲು ಮುಚ್ಚಿದಾಗ ಆರಾಧನೆ ಮೊಬೈಲಿಗೆ ಬಂತು; ಬಾಗಿಲು ತೆರೆದ ಮೇಲೂ ಕೆಲವರು ಸೋಫಾ ಬಿಟ್ಟು ಏಳಲಿಲ್ಲ.

ಸಮಯವಿಲ್ಲ ಎಂಬ ಮಾತನ್ನು ನಾನು ಗೇಲಿ ಮಾಡುವುದಿಲ್ಲ. ರಾತ್ರಿ ಪಾಳಿಯ ನರ್ಸ್, ಕ್ಯಾಬ್ ಓಡಿಸುವವನು, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ದಿನಕ್ಕೆ ಮೂರು ಗಂಟೆ ಕಳೆದುಕೊಳ್ಳುವವರು, ಇವರಿಗೆ ಮಠದ ವೇಳಾಪಟ್ಟಿ ಹೊಂದುವುದಿಲ್ಲ. ಹೊತ್ತು ಬೇರೆಯಾಗಬಹುದು, ಗೊತ್ತಾಗಿರಬೇಕು ಅಷ್ಟೇ. ಕುವೈತ್, ಕತಾರ್, ಬಹ್ರೇನಿನಲ್ಲಿರುವ ನಮ್ಮ ಕರಾವಳಿಯ ಕ್ರೈಸ್ತರು ರಜೆ ಇರುವುದು ಶುಕ್ರವಾರ ಎಂಬ ಕಾರಣಕ್ಕೆ ಶುಕ್ರವಾರವೇ ಚರ್ಚಿಗೆ ಹೋಗುತ್ತಾರೆ. ಯುಎಇಯಲ್ಲಿ 2022ರಿಂದ ವಾರದ ರಜೆ ಬದಲಾದ ಮೇಲೆ ಭಾನುವಾರಕ್ಕೆ ಮರಳಿದರು. ಅವರ ವಿಶ್ವಾಸಕ್ಕೆ ಇದರಿಂದ ಏನೂ ಆಗಲಿಲ್ಲ. ಪಾಳಿ ಮುಗಿಸಿ ಬಸ್ಸಿನಲ್ಲಿ ಕೂತಾಗಿನ ಹತ್ತು ನಿಮಿಷವನ್ನು ಗೊತ್ತುಮಾಡಿಕೊಂಡರೆ ಅದೇ ನಿಮ್ಮ ಮಠ. ಹೊಸದಾಗಿ ಶುರುಮಾಡುವವರಿಗೆ ನನ್ನ ಸಲಹೆ: ನಿಮಗೆ ಮಾಡಬೇಕೆನಿಸಿದ್ದರ ಅರ್ಧದಷ್ಟು ಮಾತ್ರ ಮಾಡಿ. ಒಂದು ಕೀರ್ತನೆ, ಪ್ರಭುವಿನ ಪ್ರಾರ್ಥನೆ, ಒಂದೆರಡು ನಿಮಿಷ ಸುಮ್ಮನಿರುವುದು. ತಪ್ಪಿಹೋದ ದಿನವನ್ನು ಮರುದಿನ ಕೂಡಿಸಿ ತೀರಿಸಲು ಹೋಗಬೇಡಿ; ಲೂಥರ್ ಮಾಡಿ ನೋಡಿದ್ದಾರೆ. ಮನೆಯಲ್ಲಿ ಇನ್ನೊಬ್ಬರಿದ್ದರೆ ಒಟ್ಟಿಗೆ ಮಾಡಿ. ಒಂಟಿಯಾಗಿದ್ದರೆ ವಾರಕ್ಕೊಮ್ಮೆ ನಿಮ್ಮನ್ನು ಕೇಳುವ ಒಬ್ಬರನ್ನು ಹುಡುಕಿಕೊಳ್ಳಿ.

ಕೊನೆಯದಾಗಿ, ಇಲ್ಲಿರುವ ಗುರುಗಳಿಗೆ, ಸಭಾಪಾಲಕರಿಗೆ, ಚರ್ಚ್ ಸಮಿತಿಯವರಿಗೆ ಒಂದು ಕೋರಿಕೆ. ಕಟ್ಟಡಗಳಿಗೆ ಗ್ರಾನೈಟ್ ಹಾಸಿದ್ದೇವೆ, ಧ್ವನಿವರ್ಧಕ ಕೂಡಿಸಿದ್ದೇವೆ. ಎಷ್ಟೋ ಕಡೆ ವಾರದ ಆರು ದಿನ ಬಾಗಿಲಿಗೆ ಬೀಗ. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಆ ಬಾಗಿಲನ್ನು ದಿನಾ ತೆರೆದಿಡಿ. ಪ್ರಸಂಗ ಬೇಡ, ವಾದ್ಯ ಬೇಡ, ಕಾಣಿಕೆ ಡಬ್ಬಿಯೂ ಬೇಡ. ಒಬ್ಬರು ಕೂತು ಒಂದು ಕೀರ್ತನೆ ಓದಲಿ. ಮೊದಲ ವರ್ಷ ಇಬ್ಬರೇ ಬಂದರೂ ನಿಲ್ಲಿಸಬೇಡಿ.